ಪರಿಷ್ಕೃತ ಅಂದಾಜಿಗೆ ಜೈ

ಮತ್ತೆ ಬಂದಿದೆ ಸುದ್ದಿ. ಯಾವುದೋ ಕಾಮಗಾರಿಯ ‘ಪರಿಷ್ಕೃತ ಅಂದಾಜಿಗೆ ಒಪ್ಪಿಗೆ’, ಅಂದರೆ ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಖರ್ಚಿಗೆ ಒಪ್ಪಿಗೆ. ಯಾವುದು ಅಂತ ಹೆಸರು ಹೇಳುವುದು ಬೇಡ ಬಿಡಿ. ಮೈಸೂರಿನವರು ತಮ್ಮ ಬಡಾವಣೆಯದ್ದು ಅಂದುಕೊಳ್ಳುತ್ತಾರೆ, ಮಂಡ್ಯದವರು ತಮ್ಮೂರಿನದ್ದು ಅಂದುಕೊಳ್ಳುತ್ತಾರೆ. ಇಬ್ಬರ ಊಹೆಯೂ ಸರಿ.

ನನಗಂತೂ ಈ ಪರಿಷ್ಕೃತ ಅಂದಾಜಿನ ಮೇಲೆ ಭಾರಿ ಗೌರವ. ಮೊದಲನೇ ಅಂದಾಜು ಏನಿದ್ದರೂ ಗುದ್ದಲಿ ಪೂಜೆಗೆ ಬೇಕಾದ ಸಾಮಗ್ರಿ. ಅರಿಶಿನ, ಕುಂಕುಮ, ತೆಂಗಿನಕಾಯಿ, ಎಸ್ಟಿಮೇಟು. ಅದರಲ್ಲಿ ಮೊತ್ತ ಕಡಿಮೆ ಇರಬೇಕು, ಇಲ್ಲದಿದ್ದರೆ ಮಂಜೂರಾಗುವುದಿಲ್ಲ. ಗುಂಡಿ ತೋಡಿದ ಮೇಲೆ ನಿಜ ಹೇಳಿದರೂ ನಡೆಯುತ್ತದೆ. ತೋಡಿದ ಗುಂಡಿ ಹಾಗೇ ಬಿಡುವುದಕ್ಕೆ ಆಗುತ್ತದಾ?

ಡೆನ್ಮಾರ್ಕಿನಲ್ಲಿ ಬೆಂಟ್ ಫ್ಲೈವ್‌ಬರ್ಗ್ ಅಂತ ಒಬ್ಬ ಪ್ರೊಫೆಸರ್ ಇದ್ದಾರೆ. ಅವರು ಮತ್ತು ಅವರ ಜೊತೆಯವರು 20 ದೇಶಗಳ 258 ರಸ್ತೆ, ರೈಲು, ಸೇತುವೆ ಕಾಮಗಾರಿಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತರ ಖರ್ಚು ಅಂದಾಜನ್ನು ದಾಟಿತ್ತು. ರೈಲಿನಲ್ಲಿ ಸರಾಸರಿ ಶೇ 45 ಜಾಸ್ತಿ, ರಸ್ತೆಯಲ್ಲಿ ಶೇ 20. 70 ವರ್ಷದ ದಾಖಲೆ ನೋಡಿದರೂ ಸುಧಾರಣೆ ಇಲ್ಲ. ಲೆಕ್ಕ ತಪ್ಪುವುದೇ ಆದರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ತಪ್ಪಬೇಕು, ಅಲ್ವಾ? ಯಾವಾಗಲೂ ಒಂದೇ ಕಡೆಗೆ ತಪ್ಪಿದರೆ? ಅದು ಸುಳ್ಳು ಅಂತಲೇ ಬರೆದರು. ಪಾಪ, ಅಷ್ಟು ಕಷ್ಟ ಯಾಕೆ ಪಟ್ಟರೋ. ಮೈಸೂರಿನ ಅಗ್ರಹಾರದ ಯಾವುದಾದರೂ ಟೀ ಅಂಗಡಿಗೆ ಬಂದಿದ್ದರೆ ಸಂಶೋಧನೆ ಒಂದು ಲೋಟದಲ್ಲಿ ಮುಗಿಯುತ್ತಿತ್ತು.

ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಬಿಮ್’ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಜಪ. ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲೇ ಪೂರ್ತಿ ಕಟ್ಟುವುದು. ಬೀಮು, ಪೈಪು, ವೈರು, ಎಲ್ಲದರ ಅಳತೆಯೂ ಬೆಲೆಯೂ ಒಂದೇ ಕಡೆ. ಪೈಪು ಬೀಮಿಗೆ ಡಿಕ್ಕಿ ಹೊಡೆದರೆ ಪರದೆಯಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ ಜೆಸಿಬಿ ಇದೆ. ಬಕೆಟ್ ಕೆಳಗಿಳಿಯುತ್ತದೆ, ಕಾವೇರಿ ಮೇಲೆ ಚಿಮ್ಮುತ್ತಾಳೆ. ಪೈಪು ಎಲ್ಲಿದೆ ಅಂತ ಗೊತ್ತಾಯಿತಲ್ಲ! ಒಳಚರಂಡಿಯ ಯುಜಿಡಿಯವರು, ನೀರಿನವರು, ಕೇಬಲ್‌ನವರು, ಗ್ಯಾಸ್‌ನವರು, ಎಲ್ಲರ ಹತ್ತಿರವೂ ನಕ್ಷೆ ಇದೆ. ಹೊಸ ಡಾಂಬರು ಆರುವ ತನಕ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಸುಮ್ನೆ ಮೈಸೂರು ಅರಮನೆ ನೆನಪಾಯಿತು. 1897ರಲ್ಲಿ ಮರದ ಅರಮನೆ ಸುಟ್ಟಿತು, ಹೆನ್ರಿ ಇರ್ವಿನ್ ಹೊಸದಕ್ಕೆ ನಕ್ಷೆ ಬರೆದರು, 1912ರಲ್ಲಿ ಮುಗಿಯಿತು. ಖರ್ಚು 41,47,913 ರೂಪಾಯಿ. ಲಕ್ಷಗಳ ಮಾತು ಬಿಡಿ, ನನ್ನನ್ನು ಕಾಡುವುದು ಕೊನೆಯ ಆ 13 ರೂಪಾಯಿ. ಯಾರೋ ಗುಮಾಸ್ತರು ಕೂತು ಅದನ್ನೂ ಬರೆದಿದ್ದಾರೆ. ಹದಿನೈದು ವರ್ಷ ಹಿಡಿಯಿತು, ನಿಜ. ಇವತ್ತಿನ ಕಂಟ್ರಾಕ್ಟರುಗಳು ಕಲಿಯುವುದು ಅಷ್ಟನ್ನೇ. 13 ರೂಪಾಯಿಗೆ ಈಗ ಕಾಲಂ ಇಲ್ಲ, ‘ಇತರೆ’ ಅನ್ನುವ ಕಾಲಂ ಇದೆ. ಅದು ಎಷ್ಟನ್ನು ಬೇಕಾದರೂ ನುಂಗುತ್ತದೆ.

2012ರ ಆಗಸ್ಟ್‌ನಲ್ಲಿ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ರಿಪೇರಿ ಸಾಕು ಅಂತ ಕೆಲವು ತಜ್ಞರು, ಕೆಡವಿ ಕಟ್ಟಿ ಅಂತ ಇನ್ನು ಕೆಲವರು. ಸಮಿತಿ, ವರದಿ, ಕೋರ್ಟು. ಅಷ್ಟರಲ್ಲಿ ಗಾರೆ ಉದುರುತ್ತದೆ, ರೇಟು ಏರುತ್ತದೆ, ಹೂವು ಮಾರುವವರು ಅದೇ ಸೂರಿನ ಕೆಳಗೆ ಮಾರು ಹಾಕುತ್ತಾರೆ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಗೋಡೆ ಉಬ್ಬಿರುವುದು ಒಳಗೆ ಕೂತವರಿಗೆಲ್ಲ ಕಾಣುತ್ತದೆ. ಸಹಿ ಹಾಕಬೇಕಾದವರಿಗೆ ಯಾಕೆ ಕಾಣುವುದಿಲ್ಲ? ಕೇಳಿ ಕೇಳಿ ಸಾಕಾಗಿದೆ.

ಬೇಕಾದರೆ ಯಾವುದಾದರೂ ಹಳೇ ಎಸ್ಟಿಮೇಟಿನ ಫೈಲು ಕೇಳಿ ನೋಡಿ. ಬರೆದ ಸಾಹೇಬರು ಟ್ರಾನ್ಸ್‌ಫರ್ ಆಗಿರುತ್ತಾರೆ. ಫೈಲು ರೆಕಾರ್ಡ್ ರೂಮಿನಲ್ಲಿರುತ್ತದೆ. ರೆಕಾರ್ಡ್ ರೂಮು ಸೋರುತ್ತಿರುತ್ತದೆ. ಅದರ ರಿಪೇರಿಗೂ ಅಂದಾಜು ಹೋಗಿದೆಯಂತೆ, ಸಾರ್.