ಕಳಸೆಗೊಂದು ಎಲ್‌ಇಡಿ ದೀಪ

ಉಡುಪಿ, ಮಂಗಳೂರು ಕಡೆ ಈಗ ಊರೂರಿಗೊಂದು ಹಳೆ ಸಾಮಾನುಗಳ ಸಂಗ್ರಹಾಲಯ ಆಗುವ ಯೋಗ ಬಂದಿದೆ. ಸಮಿತಿ ಮಾಡಿಕೊಂಡು ಹೊರಟವರಿಗೆ ಉಪಯೋಗವಾಗಲಿ ಎಂದು, ಚಾಲ್ತಿಯಲ್ಲಿರುವ ಕ್ರಮವನ್ನು ಇಲ್ಲಿ ಬರೆದಿಟ್ಟಿದೆ.

ಮೊದಲು ಕಟ್ಟಡ. ಗಟ್ಟಿಮುಟ್ಟಾದ ಹಂಚಿನ ಮನೆಯೊಂದು ಸಿಕ್ಕಿದರೆ ಕೆಡವಿಬಿಡಿ. ಹಂಚು ಹೊತ್ತಿದ್ದ ಮರದ ಪಕ್ಕಾಸು, ರೀಪು ಗುಜರಿಗೆ ಹೋಗಲಿ. ಆ ಜಾಗದಲ್ಲಿ ಶೀಟಿನ ಮಾಡು ಏರಿಸಿ, ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸಿ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿದು. ಶೀಟಿನ ಅಡಿಯಲ್ಲಿ ಕಟ್ಟಿಕೊಂಡ ನೀರಹನಿ ಸೀಲಿಂಗಿನ ಮೇಲೆ ತೊಟ್ಟಿಕ್ಕುತ್ತದೆ, ಆಷಾಢದ ಹೊತ್ತಿಗೆ ಮರದ ಸಾಮಾನಿಗೆಲ್ಲ ಬೂಸ್ಟು ಹಿಡಿದು ತಾನಾಗಿಯೇ ‘ಪುರಾತನ’ ಕಳೆ ಬರುತ್ತದೆ. ಕೆಡವಿದ ಮಾಡಿನಿಂದ ಒಂದೇ ಒಂದು ಹಂಚು ಉಳಿಸಿಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ.

ಮಲಗಿಸುವಾಗ ಒಂದು ಎಚ್ಚರಿಕೆ: ಬೆನ್ನು ಕೆಳಗಿರಬೇಕು. ರೀಪಿಗೆ ಸಿಕ್ಕಿಸುವ ಮೂಗು, ಕಾರ್ಖಾನೆಯ ಅಚ್ಚು, ಊರಿನ ಹೆಸರು ಎಲ್ಲ ಹಿಂಬದಿಯಲ್ಲೇ ಇರುವುದರಿಂದ ನೋಡುವವರಿಗೆ ಏನೂ ತಿಳಿಯುವ ಅಪಾಯವಿಲ್ಲ. ಯಾರೋ ಕುತೂಹಲಿ ಮಗುಚಿ ನೋಡಿ ‘1865’ ಎಂದು ಓದಿದರೂ ಹೆದರಬೇಡಿ, ಕೂಡಲೇ ‘1865ನೇ ಇಸವಿಯ ಹಂಚು’ ಎಂದು ಚೀಟಿ ಬರೆಯಿರಿ. ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ವರ್ಷ ಅದು. ಎಷ್ಟೋ ವರ್ಷದ ಮೇಲೆ ಸುಟ್ಟ ಹಂಚಿಗೂ ಅದೇ ಇಸವಿ ಒತ್ತುತ್ತಿದ್ದರು. ಅಂಗಡಿಯ ಬೋರ್ಡಿನಲ್ಲಿ ‘ಸ್ಥಾಪನೆ’ ಎಂದಿದ್ದರೆ ಒಳಗಿನ ಬಿಸ್ಕತ್ತಿಗೂ ಅಷ್ಟೇ ವಯಸ್ಸು ಎಂದು ನಂಬುವವರು ನಾವು. ಜಾತಿ ಬಿಟ್ಟು ಮಿಶನ್ನಿಗೆ ಸೇರಿ, ಅದರ ಜೊತೆಗೆ ಮನೆ, ಗೇಣಿಭೂಮಿ, ಕಸುಬು ಕಳೆದುಕೊಂಡವರಿಗೆ ಕೂಲಿ ಹುಟ್ಟಿಸಲಿಕ್ಕೆ ಈ ನೇಯ್ಗೆ, ಹಂಚಿನ ಕಾರ್ಖಾನೆಗಳು ಬಂದವು ಎಂಬುದನ್ನಂತೂ ಬರೆಯಲೇಬೇಡಿ. ಚೀಟಿಯಲ್ಲಿ ಅಷ್ಟು ಜಾಗ ಇರುವುದಿಲ್ಲ. ದಾನಿಗಳ ಹೆಸರು ಹಾಕಬೇಕಲ್ಲ.

ಇನ್ನು ಲೋಹದ ಪಾತ್ರೆಗಳು. ಹಂಡೆ, ಕೊಪ್ಪರಿಗೆ, ತಂಬಿಗೆ ಏನೇ ಬರಲಿ, ಬ್ರಾಸೋ ಹಚ್ಚಿ ಫಳಫಳ ಮಾಡಿ. ಹಳೆಯ ಪಾತ್ರೆಗಳ ಅಂಚಿನಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರಿರುತ್ತದೆ: ಯಾವ ಮನೆ, ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ಇಸವಿ. ಬೆರಳು ಆಡಿಸಿದರೆ ಅಕ್ಕಿಕಾಳಿನಷ್ಟು ಸಣ್ಣ ಹಳ್ಳಗಳು ತಾಗುತ್ತವೆ. ವರ್ಷಕ್ಕೆರಡು ಸಲ, ವಾರ್ಷಿಕೋತ್ಸವಕ್ಕೊಮ್ಮೆ, ಮಂತ್ರಿಗಳು ಬಂದಾಗೊಮ್ಮೆ, ತಿಕ್ಕುತ್ತ ಬಂದರೆ ಆ ಹಳ್ಳಗಳು ಸವೆದು ಅಂಚು ನುಣ್ಣಗಾಗುತ್ತದೆ. ಪಾತ್ರೆ ಯಾರದೆಂಬ ತಕರಾರೂ ಅಲ್ಲಿಗೆ ಮುಗಿಯುತ್ತದೆ. ಭೂತದ ಮೊಗಕ್ಕೂ, ಅಂದರೆ ದೈವದ ಲೋಹದ ಮುಖವಾಡಕ್ಕೂ, ಇದೇ ಉಪಚಾರ. ಕಂಚೋ ಹಿತ್ತಾಳೆಯೋ ಎಂದು ತಲೆಕೆಡಿಸಿಕೊಳ್ಳದೆ ‘ಪಂಚಲೋಹ’ ಎಂದುಬಿಡಿ.

ತಾಳೆಗರಿ ಸಿಕ್ಕಿದರೆ ಲ್ಯಾಮಿನೇಶನ್ ಮಾಡಿಸಿ. ಗರಿಯೊಳಗಿನ ಪಸೆ ಹೊರಹೋಗಲಾರದೆ ಅಲ್ಲೇ ಕೊಳೆಯುತ್ತದೆ, ಆದರೆ ಧೂಳು ಕೂರುವುದಿಲ್ಲ. ತುಳು ಲಿಪಿ ಓದಬಲ್ಲವರು ಊರಲ್ಲಿ ಇಲ್ಲದಿದ್ದರೆ ತಲೆಕೆಳಗಾಗಿ ಇಟ್ಟರೂ ನಡೆಯುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುವುದೆಲ್ಲ ಹಳೆಯ ಕಾಲದವರ ರಗಳೆ.

ಈಗ ಮುಖ್ಯ ವಸ್ತುವಿಗೆ ಬರೋಣ. ಕಳಸೆ, ಅಂದರೆ ಧಾನ್ಯ ಅಳೆಯುವ ಪಾತ್ರೆ, ಇಲ್ಲದ ಸಂಗ್ರಹಾಲಯ ಸಂಗ್ರಹಾಲಯವೇ ಅಲ್ಲ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಇದು ಪುಸ್ತಕದ ಲೆಕ್ಕ. ಅಂಗಳದ ಲೆಕ್ಕ ಬೇರೆ. ಬಾಯಿಗೆ ಸಮನಾಗಿ ಕೋಲಿನಿಂದ ಗೀಸಿ ಅಳೆದರೆ ಒಂದು ಅಳತೆ, ಮೇಲೆ ಗೋಪುರ ಏಳುವಂತೆ ರಾಶಿ ಹಾಕಿ ಅಳೆದರೆ ಇನ್ನೊಂದು. ಕಳಸೆಯನ್ನು ಸ್ವಲ್ಪ ಕುಲುಕಿದರೆ ಮತ್ತೂ ಒಂದು ಬೊಗಸೆ ಹಿಡಿಯುತ್ತದೆ. ಆದ್ದರಿಂದ ಕಳಸೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಯಾರ ಕೈಯಲ್ಲಿತ್ತು ಎಂಬುದು ದೊಡ್ಡ ಮಾತು. ಕಾಯಂ ಒಕ್ಕಲಾದ ಮೂಲಗೇಣಿಯವನಿಗೆ ಗೇಣಿ ನಿಗದಿಯಾಗಿತ್ತು. ಯಾವಾಗ ಬೇಕಾದರೂ ಬಿಡಿಸಬಹುದಾದ ಚಾಲಗೇಣಿಯವನು ದಣಿಗಳ ಮುಖ ನೋಡಿಕೊಂಡೇ ಬದುಕಬೇಕು. ದಣಿಗಳು ‘ರಾಶಿ ಹಾಕು’ ಎಂದರೆ ಅವನು ಹಾಕಬೇಕು, ಅಷ್ಟೆ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂದು, ಒಕ್ಕಲುಗಳು ತಾವು ಉಳುವ ಭೂಮಿಯ ಹಕ್ಕು ಕೇಳಿ ಡಿಕ್ಲರೇಶನ್ ಕೊಟ್ಟ ಮೇಲೆ ಕಳಸೆ ಅಟ್ಟ ಹತ್ತಿತು. ಅಟ್ಟದಿಂದ ಇಳಿದದ್ದು ನಿಮ್ಮ ಸಂಗ್ರಹಾಲಯಕ್ಕೇ.

ಇಷ್ಟನ್ನೂ ನೀಗಿಸಲಿಕ್ಕೆ ಒಂದೇ ಸಾಲು ಸಾಕು: ‘ನಮ್ಮ ಪೂರ್ವಜರು ಧಾನ್ಯ ಅಳೆಯುತ್ತಿದ್ದ ಸಾಧನ.’ ಅಳೆದು ಕೊಟ್ಟವರೂ ಪೂರ್ವಜರೇ, ಅಳೆಸಿಕೊಂಡವರೂ ಪೂರ್ವಜರೇ. ಇಷ್ಟು ಸುಲಭದಲ್ಲಿ ಸಾಮರಸ್ಯ ಬೇರೆಲ್ಲಿ ಸಿಗುತ್ತದೆ ಮಾರಾಯ್ರೆ?

ಪಕ್ಕದಲ್ಲೊಂದು ಮುಡಿಯೂ ಬೇಕು. ಬೈಹುಲ್ಲಿನ ಬಳ್ಳಿ ಹೊಸೆದು, ಹುಲ್ಲು ಹರಡಿ, ಕುಚ್ಚಲಕ್ಕಿ ಸುರಿದು, ಬಳ್ಳಿ ಎಳೆಎಳೆದು ಬಿಗಿದು, ಸುತ್ತಲೂ ಬಡಿದು ಬಡಿದು ಉರುಟು ಮಾಡಬೇಕು. ಚೆನ್ನಾಗಿ ಕಟ್ಟಿದ ಮುಡಿಗೆ ಗುದ್ದಿದರೆ ಕೈಗೆ ನೋವಾಗಬೇಕು; ಆ ಬಿಗಿಗೇ ಹುಳ ಒಳಗೆ ಹೋಗದೆ ಅಕ್ಕಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಕಟ್ಟಬಲ್ಲ ಅಜ್ಜ ಪಕ್ಕದ ಮನೆಯಲ್ಲೇ ಇದ್ದರೂ ಕರೆಯಬೇಡಿ. ಥರ್ಮೋಕೋಲ್ ತುಂಬಿಸಿ ಪ್ಲಾಸ್ಟಿಕ್ ಹಗ್ಗ ಸುತ್ತಿಸಿ. ಫೊಟೋದಲ್ಲಿ ಎರಡೂ ಒಂದೇ.

ಕೊರಗರ ಡೋಲಿಗೆ ‘ಜಾನಪದ ವಾದ್ಯ’ ಎಂಬ ಚೀಟಿ. ಕರೆದಲ್ಲಿಗೆ ಹೋಗಿ ಅದನ್ನು ಬಡಿಯುವುದು ಅಜಲಿನ, ಅಂದರೆ ಕೊರಗರನ್ನು ಕೀಳಾಗಿ ಕಾಣುವ ಪದ್ಧತಿಯ, ಭಾಗವಾಗಿತ್ತು, ಅದನ್ನು ನಿಲ್ಲಿಸಲಿಕ್ಕೆ 2000ದಲ್ಲಿ ಕಾನೂನೇ ತರಬೇಕಾಯಿತು ಎಂಬುದಕ್ಕೆ ಚೀಟಿ ಇಲ್ಲ. ಬದಲಿಗೆ ಉದ್ಘಾಟನೆಯ ದಿನ ಅತಿಥಿಗಳನ್ನು ಸ್ವಾಗತಿಸಲಿಕ್ಕೆ ‘ಡೋಲಿನವರನ್ನು ಕರೆಸೋಣವಾ?’ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಳ್ಳು ಇಳಿಸುವ ಮೂರ್ತೆದಾರರ ಕತ್ತಿಗೆ ‘ಕತ್ತಿ’ ಎಂದರೆ ಮುಗಿಯಿತು.

ದಾಖಲೆ ಪುಸ್ತಕ ಇಡಬೇಕೆಂದು ಕೆಲವರು ಹೇಳುತ್ತಾರೆ: ವಸ್ತು ಬಂದ ದಿನ, ಕೊಟ್ಟವರ ಮನೆ, ಆ ಮನೆಯಲ್ಲಿ ಅದಕ್ಕಿದ್ದ ತುಳು ಹೆಸರು, ಕೊನೆಯ ಸಲ ಬಳಸಿದವರು ಯಾರು, ಉದ್ದಗಲ, ಆಗಲೇ ಇದ್ದ ಬಿರುಕು. ಒಂದು ವಸ್ತುವಿಗೆ ಅರ್ಧ ಗಂಟೆ ಹಿಡಿಯುವ ಕೆಲಸ. ಅದಕ್ಕಿಂತ ಎನಾಮಲ್ ಪೇಂಟಿನಿಂದ ವಸ್ತುವಿನ ಹೊಟ್ಟೆಯ ಮೇಲೇ ದಪ್ಪಗೆ ‘37’ ಎಂದು ಬರೆದರೆ ಒಂದು ನಿಮಿಷ. 37 ಅಂದರೆ ಏನೆಂದು ಗೊತ್ತಿದ್ದ ಹುಡುಗ ಬೆಂಗಳೂರಿಗೆ ಹೋಗುವವರೆಗೆ ತೊಂದರೆಯಿಲ್ಲ.

ಉದ್ಘಾಟನೆಗೆ ಅಡಿಕೆಯ ಹಿಂಗಾರ ಅರಳಿಸಿ, ಕಳಸೆಗೆ ಭತ್ತ ಸುರಿಯುವ ಸಂಪ್ರದಾಯವಿದೆ. ಗಣ್ಯರು ಒಬ್ಬೊಬ್ಬರೂ ಒಂದು ಹಿಡಿ ಹಾಕಿದರೆ 14 ಸೇರು ಎಲ್ಲಿ ತುಂಬಬೇಕು? ಅಡಿಗೆ ಥರ್ಮೋಕೋಲ್ ಇಟ್ಟು ಮೇಲೆ ಎರಡು ಸೇರು ಹರಡಿ. ಕಾರ್ಯಕ್ರಮ ಮುಗಿದ ಮೇಲೆ ಭತ್ತ ತೆಗೆಯುವುದು ಯಾರ ಕೆಲಸವೆಂದು ಸಮಿತಿಯಲ್ಲಿ ಚರ್ಚೆಯಾಗುತ್ತದೆ, ಅಷ್ಟರಲ್ಲಿ ಜೂನ್ ಬರುತ್ತದೆ, ಶೀಟಿನಿಂದ ಸರಿಯಾಗಿ ಕಳಸೆಯ ಮೇಲೇ ಹನಿ ಬೀಳುತ್ತದೆ. ನಾಲ್ಕೈದು ದಿನದಲ್ಲಿ ಮೊಳಕೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಇನ್ನೊಂದು ಚೀಟಿ ಅಂಟಿಸಿ: ‘ಪುರಾತನ ಕೃಷಿ ಪದ್ಧತಿ. ದಯವಿಟ್ಟು ಮುಟ್ಟಬೇಡಿ.’