ಚೆನ್ನಮ್ಮಾಜಿಯ ಉಳಿದ ವರ್ಷಗಳು

ಇಲ್ಲಿ ಉಟ್ರೆಕ್ಟ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಬದುಕನ್ನು ರಾಣಿಯರ ಲೆಕ್ಕದಲ್ಲಿ ಹೇಳುತ್ತಾರೆ. ಹುಟ್ಟಿದ್ದು ವಿಲ್ಹೆಲ್ಮಿನಾ ಕಾಲದಲ್ಲಿ, ಮದುವೆ ಯೂಲಿಯಾನಾ ಕಾಲದಲ್ಲಿ, ಮೊಮ್ಮಕ್ಕಳು ಬೆಯಾಟ್ರಿಕ್ಸ್ ಕಾಲದಲ್ಲಿ. 1890ರಿಂದ 2013ರವರೆಗೆ ನೆದರ್ಲೆಂಡ್ಸ್‌ನ ಪಟ್ಟ ತಾಯಿಯಿಂದ ಮಗಳಿಗೇ ಬಂತು. ಹೊಸನಗರದ ನಮ್ಮಜ್ಜಿಗೆ ಕಾಲದ ಗುರುತು ಬೇರೆಯೇ ಇತ್ತು: "ಲಿಂಗನಮಕ್ಕಿ ಡ್ಯಾಮು ಕಟ್ಟೋವಾಗ..."

ಆದರೆ ಆಳಿದ ಹೆಂಗಸರು ನಮ್ಮಲ್ಲೂ ಇದ್ದರು, ಅದೂ ವಿಲ್ಹೆಲ್ಮಿನಾಗಿಂತ 200 ವರ್ಷಕ್ಕೂ ಮೊದಲೇ. ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ ಕೆಳದಿಯ ಚೆನ್ನಮ್ಮಾಜಿ ಬಿದನೂರಿನ ಗದ್ದುಗೆ ಏರಿ ಸುಮಾರು 25 ವರ್ಷ ರಾಜ್ಯ ನಡೆಸಿದರು. ಬಿದನೂರೆಂದರೆ ಈಗಿನ ನಗರ. ಆ ಕೋಟೆಯ ಕಲ್ಲಿನ ಮೇಲೆ ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಆದರೂ ಚಿಕ್ಕಂದಿನಲ್ಲಿ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ: ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟರು, ಔರಂಗಜೇಬನ ಸೈನ್ಯಕ್ಕೆ ಎದುರು ನಿಂತರು. ಎಂಥ ಗಟ್ಟಿ ಎದೆ ಬೇಕು ಅದಕ್ಕೆ! ಅದರ ಬಗ್ಗೆ ನನ್ನದು ಎರಡು ಮಾತಿಲ್ಲ.

ಆದರೆ ಅದು ನಡೆದದ್ದು 1689ರಲ್ಲಿ. ಅದಕ್ಕೂ ಹಿಂದಿನ ಹದಿನೇಳೆಂಟು ವರ್ಷ ಏನಾಯಿತು? ಬಸಪ್ಪನನ್ನು ದತ್ತು ತೆಗೆದುಕೊಂಡರು, ಆದರೆ ಅವನ ಹೆಸರಿನಲ್ಲಿ ಅಲ್ಲ, ತಾವೇ ಆಳಿದರು. ಅಕ್ಕಿ, ಕಾಳುಮೆಣಸಿನ ವ್ಯಾಪಾರಕ್ಕೆ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡರು. ಚನ್ನಗಿರಿ ಎಂಬ ಊರಿನ ಹೆಸರೇ ಅವರದು. ಸುಂಕ, ಕೋಟೆ, ಪೈರು, ಕರಾವಳಿಯ ಬಂದರು: ಇವನ್ನು ದಿನವೂ ನೋಡಿಕೊಳ್ಳುವುದೇ ಆಳುವುದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನಾದರೂ ಮೆಣಸಿನ ರಾಣಿ ಎಂದು ನೆನೆಯುತ್ತೇವೆ. ಚೆನ್ನಮ್ಮಾಜಿಗೆ ಅಷ್ಟೂ ಸಿಗಲಿಲ್ಲ.

ಡಚ್ಚರನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕೆಂದು ಹೇಳುತ್ತಿಲ್ಲ. ಅವರ ರಾಣಿಯರಿಗೆ ಸಂವಿಧಾನದ ಬೇಲಿ ಇತ್ತು, ನಿರ್ಧಾರ ಮಂತ್ರಿಗಳದು. ಹತ್ತು ವರ್ಷದ ವಿಲ್ಹೆಲ್ಮಿನಾ ಪಟ್ಟಕ್ಕೆ ಬಂದಾಗ, ಹೆಣ್ಣೆಂಬ ಕಾರಣಕ್ಕೇ, ಅಲ್ಲಿಯವರೆಗೆ ಡಚ್ ರಾಜನ ಕೈಯಲ್ಲೇ ಇದ್ದ ಲಕ್ಸೆಂಬರ್ಗ್ ಬೇರೆ ಮನೆತನದ ಪಾಲಾಯಿತು. ಮೊದಲ ಮಗು ಹೆಣ್ಣಾದರೂ ಪಟ್ಟ ಅವಳಿಗೇ ಎಂದು ನೆದರ್ಲೆಂಡ್ಸ್‌ನಲ್ಲಿ ನಿಯಮವಾದದ್ದು 1983ರಲ್ಲಿ. ಆದರೂ ಆ ಅಜ್ಜಿಯ ಬಾಯಲ್ಲಿ ರಾಣಿ ಎಂದರೆ ಒಂದು ಕಾಳಗವಲ್ಲ, ಒಂದು ಕಾಲ. ಅದು ನನಗೆ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ.

ನಗರದ ಕೋಟೆಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ರಾಜಾರಾಮನ ಕಥೆ ಹೇಳಿ, ತಪ್ಪದೆ ಹೇಳಿ. ಜೊತೆಗೆ ಆ ಮೆಣಸಿನ ಒಪ್ಪಂದದ ಕಥೆಯನ್ನೂ ಹೇಳಿ.