ಗೊರಗುಂಟೆಪಾಳ್ಯದ ಹಸಿರು ದೀಪ

ಬೆಂಗಳೂರಿನಲ್ಲಿ ನಂದಿನಿ ಬಡಾವಣೆ ಕಡೆಯಿಂದ ಬಿಇಎಲ್ ವೃತ್ತಕ್ಕೆ ದಿನಾ ಓಡಾಡುವವರಿಗೆ ಗೊರಗುಂಟೆಪಾಳ್ಯದ ಸಿಗ್ನಲ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಡಾ. ರಾಜ್‌ಕುಮಾರ್ ಸಮಾಧಿ ದಾಟುತ್ತಿದ್ದಂತೆಯೇ ಕೈ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. ಮೊನ್ನೆ ಶುಕ್ರವಾರ ಸಂಜೆ ಎರಡು ಸಲ ಹಸಿರು ಬಿತ್ತು. ಎರಡೂ ಸಲ ಸೇರಿ ನನ್ನ ಸ್ಕೂಟರ್ ಸರಿದದ್ದು ಒಂದು ಲಾರಿಯ ಉದ್ದದಷ್ಟು.

ಪಕ್ಕದ ಆಟೋದವರು ಎಂದಿನಂತೆ ಸಿಗ್ನಲ್‌ಗೆ ಶಾಪ ಹಾಕಿದರು. ನಾನೂ ವರ್ಷಗಟ್ಟಲೆ ಹಾಕಿದ್ದೇನೆ. ಈಗ ಅನಿಸುವುದೇ ಬೇರೆ: ಪಾಪ, ಆ ದೀಪದ ತಪ್ಪೇನೂ ಇಲ್ಲ. ಯಶವಂತಪುರದ ಕಡೆಯಿಂದ ಬಂದು ಪರ ಊರುಗಳಿಗೆ ಹೋಗುವ ಬಸ್ಸುಗಳು ಸಿಗ್ನಲ್ ದಾಟಿದ ಕೂಡಲೇ ನಿಲ್ಲುತ್ತವೆ. ಒಂದು ಅಂಚಿನಲ್ಲಿ, ಅದರ ಮಗ್ಗುಲಲ್ಲಿ ಇನ್ನೊಂದು, ಮೂರನೆಯದು ನಡುರಸ್ತೆಯಲ್ಲಿ. ಹಿಂದಿನ ವಾಹನಗಳಿಗೆ ಹೋಗಲು ಜಾಗವಿಲ್ಲ. ಆ ದಿಕ್ಕಿನ ಹಸಿರು ಮುಗಿದರೂ ಅವು ಕೂಡುರಸ್ತೆಯ ಮಧ್ಯೆಯೇ ನಿಂತಿರುತ್ತವೆ. ಅವುಗಳ ಬಾಲ ಸರಿಯುವುದನ್ನು ಕಾಯುವುದರಲ್ಲಿ ನಮ್ಮ ಹಸಿರು ಮುಗಿಯುತ್ತದೆ. ಬಾಯಿ ಕಟ್ಟಿದ ಕೊಳವೆಗೆ ನೀರನ್ನು ಅರವತ್ತು ಸೆಕೆಂಡ್ ಬಿಟ್ಟರೇನು, ನೂರಿಪ್ಪತ್ತು ಸೆಕೆಂಡ್ ಬಿಟ್ಟರೇನು?

ಹಾಗೆಂದು ಬಸ್ಸಿನವರನ್ನಷ್ಟೇ ಬೈಯಲು ಮನಸ್ಸು ಒಪ್ಪುವುದಿಲ್ಲ. ತುಮಕೂರು ದಿಕ್ಕಿನ ಬಸ್ಸುಗಳಿಗೆಂದೇ ಪೀಣ್ಯದಲ್ಲಿ ಬಸವೇಶ್ವರ ನಿಲ್ದಾಣ ಕಟ್ಟಿ 2014ರಲ್ಲಿ ತೆರೆದರು. ಜನ ಅತ್ತ ಸುಳಿಯಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು. ಅದೇ 2014ರಲ್ಲಿ ಮೆಟ್ರೊ ಬಂತು, ಗೊರಗುಂಟೆಪಾಳ್ಯದಲ್ಲೇ ನಿಲ್ದಾಣವಾಯಿತು. ರೈಲಿನಿಂದ ಇಳಿದವರು ಕೆಳಗಿನ ರಸ್ತೆಯಲ್ಲೇ ಬಸ್ ಹತ್ತುತ್ತಾರೆ. ಹತ್ತದೆ ಏನು ಮಾಡಿಯಾರು? ನಿಲ್ದಾಣ ಎಲ್ಲಿರಬೇಕೆಂದು ಜನರೇ ತೀರ್ಮಾನಿಸಿದ್ದಾರೆ, ನಕ್ಷೆ ಬರೆಯುವವರು ಇನ್ನೂ ಒಪ್ಪಿಲ್ಲ.

ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕಥೆ ಗೊತ್ತೇ ಇದೆ. ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಸಣ್ಣ ವಾಹನಗಳಿಗೆ ಬಿಟ್ಟರು. ಲಾರಿ, ಬಸ್ಸುಗಳಿಗೆ ಬಿಡುವ ಹೊತ್ತಿಗೆ 2024ರ ಜುಲೈ ಮುಗಿಯುತ್ತಿತ್ತು, ಆಗಲೂ ಶುಕ್ರವಾರ ಬೇಡವೆಂಬ ಷರತ್ತಿನೊಂದಿಗೆ. ವಾರಕ್ಕೊಂದು ದಿನ ದುರಸ್ತಿಗೆ ಬೇಕು, ಸರಿ. ಆದರೆ ಬೆಂಗಳೂರಿನ ಜನ ಊರಿಗೆ ಹೊರಡುವ ದಿನವನ್ನೇ ಆರಿಸಿಕೊಳ್ಳಬೇಕಿತ್ತೇ?

ಮೂರನೆಯ ಹಸಿರಿಗೆ ನಾನು ಎಲ್ಲರಿಗಿಂತ ಮುಂದಿದ್ದೆ. ಎದುರಿಗೇ ಒಂದು ಬಸ್ಸಿನ ಹಿಂಭಾಗ ಅಡ್ಡ ನಿಂತಿತ್ತು. ನಿರ್ವಾಹಕ "ತುಮಕೂರು, ಶಿರಾ, ಹಿರಿಯೂರು" ಎಂದು ಕೂಗುತ್ತಿದ್ದ. ಒಬ್ಬ ಅಜ್ಜಿ ವಾಹನಗಳ ಸಂದಿಯಲ್ಲಿ ನುಸುಳಿ ಬಂದರು. ಕಂಕುಳಲ್ಲಿ ಗಂಟು ಕಟ್ಟಿದ ಬಟ್ಟೆಯ ಚೀಲ, ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಕಾಲೆಳೆಯುತ್ತಿದ್ದರು. ಮೊದಲ ಮೆಟ್ಟಿಲು ಅವರಿಗೆ ಎತ್ತರವಾಯಿತು. ನಿರ್ವಾಹಕ ಚೀಲ ಇಸಿದುಕೊಂಡು, ರಟ್ಟೆ ಹಿಡಿದು ಎಳೆದುಕೊಂಡ. ಅಷ್ಟರಲ್ಲಿ ನಮ್ಮ ಕಡೆಯ ಅಂಕಿ ಒಂಬತ್ತಕ್ಕೆ ಇಳಿದಿತ್ತು. ಹಿಂದಿನಿಂದ ನೂರು ಹಾರ್ನ್‌ಗಳು ಒಟ್ಟಿಗೆ ಅರಚಿದವು.

ನಾನೂ ಒತ್ತಿದ್ದೆ.